ಕೈಮರದ ಗುರುತು

ಶಿವನಿ, ತರೀಕೆರೆ ತಾಲ್ಲೂಕು
12 ಜೂನ್ 1978

ಚಿ. ಲಕ್ಷ್ಮಣಪ್ಪನಿಗೆ,

ನಿನಗೆ ಬೆಂಗಳೂರಿನಲ್ಲಿ ಪೋಸ್ಟ್‌ಮ್ಯಾನ್ ಕೆಲಸವಾಗಿದೆ, ಅದೂ ಹಳೇ ಪೇಟೆಯ ಭಾಗಕ್ಕೇ ಹಾಕಿದ್ದಾರೆ ಎಂದು ನಿಮ್ಮಮ್ಮ ಹಾಲಮ್ಮ ಶಾಲೆಯ ಹತ್ತಿರ ಬಂದು ಹೇಳಿದಳು. "ಊರ್ ತುಂಬಾ ಕಾಗ್ದ ಹಂಚ್ತಾನಂತೆ, ಹೆತ್ತೋಳಿಗೊಂದ್ ಕಾಗ್ದ ಹಾಕಕ್ಕೆ ಪುರ್ಸೊತ್ತಿಲ್ಲ ಕಣ್ರವ್ವ" ಅಂದಳು. ಮೊದಲು ಅವಳಿಗೊಂದು ಕಾರ್ಡು ಹಾಕು. ಓದಿ ಹೇಳಲು ನಾನಿದ್ದೇನೆ.

ಮಗ್ಗಿ ತಪ್ಪಿದಾಗಲೆಲ್ಲ ನಿನ್ನ ಕಿವಿ ಹಿಂಡಿದವಳು ಈಗ ನಿನ್ನಿಂದ ಒಂದು ಉಪಕಾರ ಕೇಳುತ್ತಿದ್ದೇನೆ. ನನಗೊಬ್ಬ ಅಣ್ಣನಿದ್ದ, ಬೆನಕಪ್ಪ. ನೀನು ಹುಟ್ಟಿದ ವರ್ಷವೇ, 1954ರಲ್ಲಿ, ಮನೆ ಬಿಟ್ಟು ಹೋದ. ನಮ್ಮ ಶಾಲೆಯ ಬಾಗಿಲ ಮೇಲಿನ ಹೆಸರು ಅವನು ಬರೆದದ್ದೇ. ಬೆಂಗಳೂರಿನ ಪೇಟೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಾನೆ ಎಂದು ಒಂದು ಕಾಲಕ್ಕೆ ಸುದ್ದಿಯಿತ್ತು. ಹತ್ತು ವರ್ಷದ ಹಿಂದೆ ನಾನು ಹಾಕಿದ ಕಾಗದ, ವಿಳಾಸದಾರರು ಇಲ್ಲ ಎಂದು ವಾಪಸು ಬಂತು.

ಅಪ್ಪ ಅಮ್ಮ ಹೋಗಿಯಾಯಿತು. ನನಗೂ ನಲವತ್ತೈದು ದಾಟಿತು. ಅವನು ಇದ್ದರೆ ಕರೆದು ತರಬೇಕು. ಇಲ್ಲದಿದ್ದರೆ ಅವನನ್ನು ಯಾರು ಕೂರಿಸಿದರು, ಎಲ್ಲಿ ಕೂರಿಸಿದರು ಎಂದಾದರೂ ತಿಳಿಯಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಹೂಳುತ್ತೇವೆ. ನಿನಗೆ ಗೊತ್ತೇ ಇದೆ, ಹೊಲದ ಅಂಚಿನಲ್ಲಿ ನನ್ನ ತಂದೆ ತಾಯಿಗೆ ಗುಣಿ ತೋಡಿದವನು ನಿಮ್ಮಪ್ಪ ಕರಿಯಣ್ಣನೇ. ಅವರ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇದೆ.

ಫೋಟೋ ಒಂದೂ ಇಲ್ಲ. ಎಡಗೈಯಲ್ಲಿ ಬರೆಯುತ್ತಿದ್ದ. ಅಷ್ಟೇ ಗುರುತು.

ಆಶೀರ್ವಾದಗಳೊಂದಿಗೆ,
ದಾಕ್ಷಾಯಣಮ್ಮ


ಬೆಂಗಳೂರು
9 ಜುಲೈ 1978

ಪೂಜ್ಯ ಟೀಚರಮ್ಮನವರಿಗೆ,

ಅಮ್ಮನಿಗೆ ಕಾರ್ಡು ಹಾಕಿದ್ದೇನೆ. ನೀವು ಓದಿ ಹೇಳುವಾಗ ನಾನು ದಿನವೂ ಹೋಟೆಲಿನಲ್ಲಿ ಉಣ್ಣುವ ವಿಷಯ ಬಿಟ್ಟುಬಿಡಿ.

ನನ್ನ ಬೀಟು ತರಗುಪೇಟೆ. ಉಳಿದ ಪೇಟೆಗಳನ್ನು ನಿಮ್ಮ ಕೆಲಸಕ್ಕಾಗಿ ಭಾನುವಾರ ಸುತ್ತುತ್ತಿದ್ದೇನೆ. ನಾನು ಬೆಂಗಳೂರು ಎಂದುಕೊಂಡಿದ್ದು ಅಗಲ ರಸ್ತೆ, ದೊಡ್ಡ ಕಟ್ಟಡ, ಸಿನಿಮಾ ಟಾಕೀಸು. ಇಲ್ಲಿ ನೋಡಿದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವ ಓಣಿಗಳು. ಮನೆಯ ನಂಬರು ಹನ್ನೆರಡರ ಪಕ್ಕ ನಲವತ್ತು, ಅದರ ಪಕ್ಕ ಏಳು. ನನಗೆ ಕೆಲಸ ಕಲಿಸುತ್ತಿರುವ ಹಿರಿಯ ಪೋಸ್ಟ್‌ಮ್ಯಾನ್ ಅಂಜಿನಪ್ಪನವರು, "ನಂಬರ್ ನಂಬ್ಬೇಡ ಕಣೋ, ಮನುಷ್ಯರನ್ನ ಕೇಳ್ಕೊಂಡ್ ಹೋಗು" ಎನ್ನುತ್ತಾರೆ.

ಅವರು ಹೇಳುವುದನ್ನು ಕೇಳಿದರೆ ಈ ಊರಿನ ಕೆಳಗೆ ಇನ್ನೊಂದು ಊರಿದೆ. ನಾನು ಬಂದು ಬಸ್ಸಿಳಿದ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಂತೆ. ಮಾರ್ಕೆಟ್ಟು ನಿಂತಿರುವುದೂ ಮುಚ್ಚಿಹೋದ ಒಂದು ನೀರಿನ ಕಟ್ಟೆಯ ಮೇಲೆ. ಕುಂಬಾರಪೇಟೆಯಲ್ಲಿ ಮಡಕೆ ಮಾಡುವವರು ನನಗೆ ಒಬ್ಬರೂ ಸಿಗಲಿಲ್ಲ. ಒಂದು ಮನೆಯ ಮುಂದೆ ಮಡಕೆ ತಿರುಗಿಸುವ ತಿಗರಿಯ ಕಲ್ಲನ್ನು ಮೆಟ್ಟಿಲು ಮಾಡಿಕೊಂಡಿದ್ದಾರೆ, ಅದರ ಮೇಲೆ ಕಾಲಿಟ್ಟೇ ದಿನವೂ ಒಳಗೆ ಹೋಗುತ್ತಾರೆ. ಕೇಳಿದರೆ ಅದೇನು ಎಂದು ಅವರಿಗೇ ಗೊತ್ತಿಲ್ಲ.

ಮುಖ್ಯ ವಿಷಯ. ತರಗುಪೇಟೆಯ ಒಂದು ಬೇಳೆ ಮಂಡಿಯ ಬೋರ್ಡಿನ ಬಲ ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಒಂದು ಚಿತ್ರ ನೋಡಿದೆ. ರೈಲಿನ ಕೈಮರ. ಕೆಳಗೆ "ಬೆನಕ, 1957" ಎಂದಿದೆ. ಮಂಡಿಯ ಯಜಮಾನರು ಈರಭದ್ರಪ್ಪ. "ನಮ್ಮಪ್ಪ ಬರ್ಸಿದ್ದು. ಎಡಗೈ ಬೆನಕಪ್ಪ ಅಂತ. ಏಣಿ ಹತ್ತಿದ್ರೆ ಊಟಕ್ಕೂ ಇಳೀತಿರ್ಲಿಲ್ಲ. ಈಗೆಲ್ಲವ್ನೋ ಗೊತ್ತಿಲ್ಲ" ಅಂದರು.

ನಿಮ್ಮ ಶಿಷ್ಯ,
ಲಕ್ಷ್ಮಣಪ್ಪ


ಶಿವನಿ
14 ಜುಲೈ 1978

ಚಿ. ಲಕ್ಷ್ಮಣಪ್ಪ,

ನಿನ್ನ ಕಾಗದವನ್ನು ತರಗತಿಯಲ್ಲೇ ಒಡೆದು ಓದಿದೆ. ಮಕ್ಕಳು ಲೆಕ್ಕ ಬಿಟ್ಟು ನನ್ನ ಮುಖ ನೋಡುತ್ತಾ ಕೂತರು.

ಆ ಕೈಮರ ನಮ್ಮ ಶಿವನಿ ಸ್ಟೇಷನ್ನಿನದು. ಹಳಿಯ ಆಚೆಗಿರುವ ಹುಣಸೆಮರದ ಕೆಳಗೆ ನಾವಿಬ್ಬರೂ ಕೂತು ಅದನ್ನೇ ನೋಡುತ್ತಿದ್ದೆವು. ಕೈ ನೇರವಾಗಿದ್ದರೆ ರೈಲು ನಿಲ್ಲಬೇಕು, ಇಳಿದರೆ ಬರಬಹುದು. ಇಳಿದದ್ದನ್ನು ಮೊದಲು ಕಂಡವರಿಗೆ ಆ ದಿನದ ಬೆಲ್ಲ. ಬೆಲ್ಲವೆಲ್ಲ ಅವನೇ ತಿಂದ. ಅವನ ಕಣ್ಣು ಅಷ್ಟು ಚುರುಕು. ಅಪ್ಪ ಅವನಿಗೆ ಕೊಡಿಸಿದ ಬೆಳ್ಳಿ ಕರಡಿಗೆ, ಅದರೊಳಗೇ ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವುದು ನೀನು ನೋಡಿರುತ್ತೀಯ, ಅವನು ಓಡುವಾಗ ಎಡವಿ ಬಿದ್ದಾಗ ಹಳಿಗೆ ಬಡಿದು ತಗ್ಗಾಗಿತ್ತು. ಅದಕ್ಕೆ ಅಪ್ಪನಿಂದ ನಾನೂ ಏಟು ತಿಂದೆ.

ಆ ಚಿತ್ರದಲ್ಲಿ ಕೈ ಇಳಿದಿದೆಯೇ, ನೇರವಾಗಿದೆಯೇ? ಮರೆಯದೆ ನೋಡಿ ಬರೆ. ಬೇರೆ ಬೋರ್ಡುಗಳೂ ಸಿಗಬಹುದು, ಹುಡುಕು.

ಯಾಕೆ ಮನೆ ಬಿಟ್ಟ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮದುವೆಯ ವಿಷಯಕ್ಕೆ ಅಪ್ಪನಿಗೂ ಅವನಿಗೂ ಮಾತು ಬೆಳೆಯಿತು. ಅಷ್ಟೇ.

ದಾಕ್ಷಾಯಣಮ್ಮ


ಬೆಂಗಳೂರು
24 ಸೆಪ್ಟೆಂಬರ್ 1978

ಪೂಜ್ಯ ಟೀಚರಮ್ಮನವರಿಗೆ,

ಹನ್ನೊಂದು ಬೋರ್ಡು ಸಿಕ್ಕಿವೆ. ಬಳೇಪೇಟೆಯಲ್ಲಿ ವೀಣೆ ತಂಬೂರಿ ಮಾರುವ ಅಂಗಡಿಯದು, ಸುಲ್ತಾನಪೇಟೆಯಲ್ಲಿ ಲಗ್ನಪತ್ರಿಕೆಯ ಅಚ್ಚುಕೂಟದ್ದು, ಅಕ್ಕಿಪೇಟೆಯಲ್ಲಿ ಎರಡು, ಗಾಣಿಗರಪೇಟೆಯಲ್ಲಿ ಎಣ್ಣೆಯ ಬದಲು ಈಗ ಪ್ಲಾಸ್ಟಿಕ್ ಬಕೆಟ್ ಮಾರುವ ಕಡೆ ಒಂದು. ಆ ಒಂದನ್ನು ಬಕೆಟ್ಟಿನವರು ತಿರುಗಿಸಿ ಹಿಂಬದಿಗೆ ತಮ್ಮ ಹೆಸರು ಬರೆಸಿದ್ದಾರೆ. ನಾನು ಸಂದಿಯಲ್ಲಿ ತಲೆ ತೂರಿಸಿ ನೋಡಿದೆ, ಹಳೆಯ ಹೆಸರು, ಕೈಮರ ಎರಡೂ ಗೋಡೆಗೆ ಮುಖ ಮಾಡಿಕೊಂಡು ಹಾಗೇ ಇವೆ. ನನಗೀಗ ಮೇಲೆ ನೋಡಿಕೊಂಡು ನಡೆಯುವುದು ಚಟವಾಗಿದೆ. ಎರಡು ಸಲ ಕೈಗಾಡಿಗೆ ಢಿಕ್ಕಿ ಹೊಡೆದೆ.

ಕೋಟೆ ಬಾಗಿಲಿನ ಹತ್ತಿರ ಒಬ್ಬ ಮುದುಕ ಸಿಕ್ಕಿದ. ಬೆನಕಪ್ಪನವರು ಬೋರ್ಡು ಬರೆಯುವ ಮೊದಲು ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ವಿಚಾರಿಸುತ್ತಿದ್ದರಂತೆ. ಬಾವಿಯಿತ್ತೇ, ಛತ್ರವಿತ್ತೇ, ಯಾರಿದ್ದರು ಎಂದು. "ನಿಂಗ್ಯಾಕಯ್ಯಾ ಅದೆಲ್ಲ" ಅಂದರೆ, "ಹೆಸ್ರು ಬರೆಯೋನಿಗೆ ಹಳೇ ಹೆಸ್ರು ಗೊತ್ತಿರ್ಬೇಕು ಕಣ್ರೀ" ಅನ್ನುತ್ತಿದ್ದರಂತೆ. ನಾನು ಓಣಿ ಓಣಿ ಕೇಳಿಕೊಂಡು ತಿಳಿದ ಈ ಊರನ್ನು ಅವರು ನನಗಿಂತ ಮೊದಲೇ ಕೇಳಿಕೊಂಡು ತಿರುಗಿದ್ದಾರೆ.

ನೀವು ಕೇಳಿದ್ದನ್ನು ಎಲ್ಲ ಬೋರ್ಡಿನಲ್ಲೂ ನೋಡಿದೆ. 1955ರಿಂದ 61ರವರೆಗೆ ಬರೆದ ಆರರಲ್ಲಿ ಕೈ ಇಳಿದಿದೆ. 1962ರಿಂದ ಈಚಿನ ಐದರಲ್ಲಿ ಕೈ ನೇರವಾಗಿದೆ. ನೇರ ಗೆರೆ ಎಳೆಯುವುದು ಸುಲಭ, ವಯಸ್ಸಾಗುತ್ತಾ ಬೇಸರ ಬಂದಿರಬೇಕು ಎಂಬುದು ಅಂಜಿನಪ್ಪನವರ ಅಭಿಪ್ರಾಯ. ಆ ವರ್ಷ ಏನಾದರೂ ಆಗಿತ್ತೇ ಟೀಚರಮ್ಮ?

ಲಕ್ಷ್ಮಣಪ್ಪ


ಬೆಂಗಳೂರು
20 ಡಿಸೆಂಬರ್ 1978

ಪೂಜ್ಯ ಟೀಚರಮ್ಮನವರಿಗೆ,

ಮೂರು ತಿಂಗಳಾಯಿತು, ನಿಮ್ಮ ಕಾಗದವಿಲ್ಲ. ಪೋಸ್ಟ್‌ಮ್ಯಾನನಿಗೇ ಕಾಗದ ಬರುತ್ತಿಲ್ಲವೆಂದು ಆಫೀಸಿನಲ್ಲಿ ನಗುತ್ತಾರೆ. ಆರೋಗ್ಯವಾಗಿದ್ದೀರಿ ತಾನೇ? ನಾನೇನಾದರೂ ತಪ್ಪು ಬರೆದಿದ್ದರೆ ಕ್ಷಮಿಸಿ. ಹುಡುಕುವುದನ್ನು ಬಿಟ್ಟಿಲ್ಲ.

ಲಕ್ಷ್ಮಣಪ್ಪ


ಶಿವನಿ
3 ಫೆಬ್ರವರಿ 1979

ಚಿ. ಲಕ್ಷ್ಮಣಪ್ಪ,

ಆರೋಗ್ಯವಾಗಿದ್ದೇನೆ. ಇನ್ಸ್‌ಪೆಕ್ಷನ್ ಇತ್ತು, ಶಾಲೆಗೆ ಸುಣ್ಣ ಹೊಡೆಸುವುದಿತ್ತು. ಬಾಗಿಲ ಮೇಲಿನ ಹೆಸರಿಗೂ ಸುಣ್ಣ ಬಳಿಯಲು ಹೊರಟಿದ್ದರು, ಬೇಡವೆಂದೆ.

ಬೋರ್ಡುಗಳ ವಿಷಯ ಸಾಕು. ಅವನು ಇದ್ದಾನೋ ಇಲ್ಲವೋ, ಅದನ್ನು ಮಾತ್ರ ತಿಳಿಸು.

ದಾಕ್ಷಾಯಣಮ್ಮ


ಬೆಂಗಳೂರು
22 ಏಪ್ರಿಲ್ 1979

ಪೂಜ್ಯ ಟೀಚರಮ್ಮನವರಿಗೆ,

ಈ ಕಾಗದವನ್ನು ಕೂತು ಓದಿ.

ಕುಂಬಾರಪೇಟೆಯ ಒಂದು ವಠಾರದಲ್ಲಿ ನಿಮ್ಮಣ್ಣ ಹನ್ನೊಂದು ವರ್ಷ ಇದ್ದರು. ನಾನು ಮೊದಲ ಕಾಗದದಲ್ಲಿ ಬರೆದೆನಲ್ಲ, ತಿಗರಿಯ ಕಲ್ಲಿನ ಮೆಟ್ಟಿಲಿನ ಮನೆ, ಅದರ ಹಿತ್ತಲಿನ ಕೋಣೆ. ಎಷ್ಟು ಸಲ ಆ ಬಾಗಿಲ ಮುಂದೆ ಹಾದುಹೋಗಿದ್ದೆ. ಮನೆಯೊಡತಿ ಪಂಕಜಾಕ್ಷಿ ಎಂಬ ವಯಸ್ಸಾದ ಹೆಂಗಸು ತಿರುಪತಿಯಲ್ಲಿರುವ ಮಗಳ ಮನೆಗೆ ಹೋಗಿದ್ದವರು ಈಗ ವಾಪಸು ಬಂದಿದ್ದಾರೆ. ಅವರೇ ಎಲ್ಲ ಹೇಳಿದರು.

1973ರ ಅಕ್ಟೋಬರಿನಲ್ಲಿ ಬೆನಕಪ್ಪನವರು ತೀರಿಕೊಂಡರು. ಹೊಟ್ಟೆಯಲ್ಲಿ ಹುಣ್ಣಾಗಿತ್ತಂತೆ. ಹೆಚ್ಚು ನರಳಲಿಲ್ಲ. ಪೇಟೆಯ ನಿಮ್ಮ ಜನವೇ ಬಂದು, ಮಠದಿಂದ ಅಯ್ಯನವರನ್ನು ಕರೆಸಿ, ಎಲ್ಲ ಕ್ರಮವಾಗಿ ಮಾಡಿದರಂತೆ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಮೆರವಣಿಗೆಯಲ್ಲಿ ಒಯ್ದು ಊರ ಹೊರಗಿನ ಒಂದು ತೋಪಿನಲ್ಲಿ ಕೂರಿಸಿದರು. ಮೇಲೆ ಹೊಂಗೆಮರವಿದೆ. ಒಳ್ಳೆಯ ನೆರಳು. ನಾನು ಹೋಗಿ ಕೈಮುಗಿದು ಬಂದೆ. ನೀವು ಈ ಬಿಸಿಲಿನಲ್ಲಿ ಇಷ್ಟು ದೂರ ಬರುವುದು ಬೇಡ.

ಅವರ ಕರಡಿಗೆಯನ್ನು ಪಂಕಜಾಕ್ಷಮ್ಮ ಅರಿಶಿನದ ಬಟ್ಟೆಯಲ್ಲಿ ಸುತ್ತಿ ಇಷ್ಟು ದಿನ ಕಾಪಾಡಿದ್ದರು. ಒಂದು ಕಡೆ ತಗ್ಗಾಗಿದೆ, ನೀವು ಹೇಳಿದ್ದೇ. ನಿಮ್ಮ ಬಳಿ ಅವರದೊಂದು ಗುರುತು ಇರಲಿ ಎಂದು ರಿಜಿಸ್ಟರ್ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ನಾನು ತೆರೆದಿಲ್ಲ. ನಿಮ್ಮವರ ಪೂಜೆಯ ವಸ್ತು, ನಾನು ಮುಟ್ಟಿ ಬಿಚ್ಚಬಾರದೆಂದು ಬಟ್ಟೆ ಸಮೇತ ಹಾಗೇ ಇಟ್ಟಿದ್ದೇನೆ.

ಲಕ್ಷ್ಮಣಪ್ಪ


ಶಿವನಿ
6 ಮೇ 1979

ಚಿ. ಲಕ್ಷ್ಮಣಪ್ಪ,

ಪಾರ್ಸೆಲ್ ತಲುಪಿತು. ಕರಡಿಗೆ ಅವನದೇ. ತೆರೆದೆ. ಒಳಗೆ ಲಿಂಗ ಇದೆ.

ನಿನಗೆ ಇದು ತಿಳಿದಿರಲಿಕ್ಕಿಲ್ಲ. ನಮ್ಮಲ್ಲಿ ಸತ್ತವರನ್ನು ಗುಣಿಯಲ್ಲಿ ಕೂರಿಸಿದ ಮೇಲೆ, ಅವರ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು ಬಟ್ಟೆ ಕಟ್ಟುತ್ತೇವೆ. ಬೆಳ್ಳಿಯ ಕರಡಿಗೆಯನ್ನು ಬೇಕಾದರೆ ಮನೆಯವರು ಬಿಚ್ಚಿಟ್ಟುಕೊಳ್ಳುತ್ತಾರೆ. ಲಿಂಗ ಮಾತ್ರ ಅವರ ಜೊತೆಗೇ ಮಣ್ಣಿಗೆ ಹೋಗಬೇಕು. ಮಠದ ಅಯ್ಯನವರು ಬಂದು ಕ್ರಮವಾಗಿ ಮಾಡಿದ್ದರೆ ಇದು ನನ್ನ ಕೈಗೆ ಬರುವುದು ಸಾಧ್ಯವಿಲ್ಲ.

ಮೊದಲು ನನಗೆ ಏನನ್ನಿಸಿತು ಗೊತ್ತೇ? ಅವನು ಬದುಕಿದ್ದಾನೆ ಎಂದು. ಎಲ್ಲೋ ಇದ್ದಾನೆ, ನನ್ನ ಮುಖ ನೋಡಲು ಇಷ್ಟವಿಲ್ಲ, ಸತ್ತೆನೆಂದು ಬರೆ ಎಂದು ನಿನಗೆ ಹೇಳಿದ್ದಾನೆ ಎಂದುಕೊಂಡೆ. ಸಂಜೆಯವರೆಗೂ ಹಾಗೇ ನಂಬಿದೆ. ಎರಡು ಪಾವು ಅಕ್ಕಿ ಹೆಚ್ಚಿಗೆ ನೆನೆಹಾಕಿದೆ, ದೋಸೆಗೆ. ಆಮೇಲೆ ನಿನ್ನ ಕಾಗದವನ್ನು ಮತ್ತೆ ಓದಿದೆ. ಹೊಂಗೆಮರ, ಹೂವಿನ ಹಾರ, ಮೆರವಣಿಗೆ. ಕೇಳದೇ ಇದ್ದದ್ದನ್ನೆಲ್ಲ ಬರೆದಿದ್ದೀಯ. ಮಗ್ಗಿ ಬಾರದಿದ್ದಾಗಲೂ ನೀನು ಹೀಗೇ ಒಂದಕ್ಕೆ ನಾಲ್ಕು ಉತ್ತರ ಹೇಳುತ್ತಿದ್ದೆ.

ನಿಜ ಕೇಳುವ ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ನಮ್ಮದು ಕೊಟ್ಟು ತರುವ ಸಂಬಂಧ. ಹಿರೇನಲ್ಲೂರಿನ ಮನೆಯ ಹುಡುಗಿಯನ್ನು ಅವನು ಮದುವೆಯಾಗಬೇಕು, ಅವಳ ಅಣ್ಣನಿಗೆ ನನ್ನನ್ನು ಕೊಡಬೇಕು. ವೀಳ್ಯ ಬದಲಾಯಿಸುವ ಹಿಂದಿನ ದಿನ ಅವನು ಬೆಂಗಳೂರಿನ ರೈಲು ಹತ್ತಿದ. ಅವನ ಮದುವೆಯ ಜೊತೆ ನನ್ನದೂ ಮುರಿಯಿತು. ಆಮೇಲೆ ಯಾರೂ ಕೇಳಿ ಬರಲಿಲ್ಲ.

1962ರಲ್ಲಿ ಅಪ್ಪ ಹಾಸಿಗೆ ಹಿಡಿದದ್ದು ತಿಳಿದು ಅವನ ಕಾಗದ ಬಂತು. "ಒಂದು ಗೆರೆ ಬರೆಯಿರಿ, ಬರುತ್ತೇನೆ" ಎಂದಿದ್ದ. ಅಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. "ಬರ್ಬೇಡ ಅಂತ ಬರಿ. ಈ ಹೊಸ್ಲು ತುಳೀಬಾರ್ದು ಅಂತ ಬರಿ" ಅಂದರು. ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಬಾ ಎಂದು ಬರೆದು, ಬೇಡ ಎಂದು ಓದಿ ಹೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅದು ಆಗಲೂ ನನಗೆ ಹೊಳೆದಿತ್ತು ಲಕ್ಷ್ಮಣಪ್ಪ. ನನಗೂ ಸಿಟ್ಟಿತ್ತು, ಅದಕ್ಕೇ ಬಾ ಎಂದು ಬರೆಯಲಿಲ್ಲ. ಆ ವರ್ಷದಿಂದ ಕೈಮರ ಯಾಕೆ ನೇರವಾಯಿತು ಎಂದು ನೀನು ಕೇಳಿದ್ದೆಯಲ್ಲ, ಇದಕ್ಕೆ.

ಈಗ ಹೇಳು. ನನ್ನ ಅಣ್ಣನನ್ನು ಏನು ಮಾಡಿದರು?

ದಾಕ್ಷಾಯಣಮ್ಮ


ಬೆಂಗಳೂರು
20 ಮೇ 1979

ಪೂಜ್ಯ ಟೀಚರಮ್ಮನವರಿಗೆ,

ಸುಳ್ಳು ಬರೆದದ್ದು ನಿಜ. ಹೊಂಗೆಮರವಿಲ್ಲ, ತೋಪೂ ಇಲ್ಲ.

ಅವರು ಅಕ್ಕಿಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದಾಗ ಏಣಿಯ ಮೇಲೆಯೇ ಹೊಟ್ಟೆ ಹಿಡಿದುಕೊಂಡು ಕುಸಿದರಂತೆ. ಪಂಕಜಾಕ್ಷಮ್ಮ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ನಿಗೆ ಒಯ್ಯುವಾಗ ಮೈಮೇಲೆ ಏನೂ ಇರಬಾರದು ಎಂದರಂತೆ. ಬೆನಕಪ್ಪನವರು ತಾವೇ ಕರಡಿಗೆ ಬಿಚ್ಚಿ ಪಂಕಜಾಕ್ಷಮ್ಮನ ಕೈಗೆ ಕೊಟ್ಟು, "ಜ್ವಾಪಾನ ಕಣವ್ವಾ, ಎದ್ದ್‌ಮೇಲೆ ಇಸ್ಕೋತೀನಿ" ಅಂದರಂತೆ. ಮೂರನೇ ದಿನ ಗಂಜಿ ತೆಗೆದುಕೊಂಡು ಹೋದಾಗ ಆ ಹಾಸಿಗೆಯಲ್ಲಿ ಬೇರೆಯವರಿದ್ದರು. "ನೀವೇನಾಗ್ಬೇಕು" ಎಂದು ಕೇಳಿದ್ದಕ್ಕೆ, "ಮನೆ ಓನರ್ರು" ಎಂದಿದ್ದಾರೆ. ಸಂಬಂಧಿಕರಲ್ಲವೆಂದು ಏನನ್ನೂ ಹೇಳಲಿಲ್ಲ. ವಾರ ಅಲೆದ ಮೇಲೆ ಒಬ್ಬ ಆಯಾ ಹೇಳಿದಳು. ಕೇಳುವವರಿಲ್ಲದ ಇನ್ನೂ ನಾಲ್ಕು ಜನರ ಜೊತೆ ಸುಟ್ಟುಬಿಟ್ಟಿದ್ದರು. "ನಾನ್ ಅಕ್ಕ ಅಂತ ಒಂದ್ ಸುಳ್ಳ್ ಹೇಳಿದ್ರೆ ಮಣ್ಣಿಗಾದ್ರೂ ಸಿಗ್ತಿದ್ರಲ್ಲಪ್ಪಾ" ಎಂದು ಪಂಕಜಾಕ್ಷಮ್ಮ ಈಗಲೂ ಅಳುತ್ತಾರೆ. ಅವರು ಹೇಳದೇ ಹೋದ ಸುಳ್ಳನ್ನು ನಾನು ಹೇಳಿದೆ ಅಷ್ಟೇ. ಸುಟ್ಟರೆಂದು ನಿಮಗೆ ಬರೆಯಲು ನನ್ನ ಕೈ ಬರಲಿಲ್ಲ.

ಲಿಂಗದ ವಿಷಯ ನನಗೆ ಗೊತ್ತಿರಲಿಲ್ಲ. ನಿಮ್ಮವರಿಗೆ ಎಷ್ಟೋ ಗುಣಿಗಳನ್ನು ನಮ್ಮಪ್ಪ ತೋಡಿದ್ದಾರೆ. ಅಳತೆ ಗೊತ್ತು, ಕೂರಿಸುವ ಗೂಡನ್ನು ಯಾವ ದಿಕ್ಕಿಗೆ ಕೊರೆಯಬೇಕೆಂದೂ ಗೊತ್ತು. ತೋಡಿ ಮುಗಿದ ಮೇಲೆ, "ದೂರ ಹೋಗೋ ಕರಿಯಾ" ಅನ್ನುತ್ತಿದ್ದರು. ಜಾಲಿಮರದ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆವು. ಮಣ್ಣೆಳೆಯಲು ಕರೆಯುವ ಹೊತ್ತಿಗೆ ಎಲ್ಲ ಮುಚ್ಚಿರುತ್ತಿತ್ತು. ಅಂಗೈಯಲ್ಲಿ ಏನಿಡುತ್ತಾರೆ ಎಂದು ನಮಗೆ ಯಾರೂ ತೋರಿಸಿಲ್ಲ. ಬೇಜಾರಿನಿಂದ ಬರೆಯುತ್ತಿಲ್ಲ, ಇದ್ದದ್ದನ್ನು ಬರೆದೆ.

ಇನ್ನೊಂದು ವಿಷಯ. ಅವರು ಬಿದ್ದ ದಿನ ಬರೆಯುತ್ತಿದ್ದ ಬೋರ್ಡು ಅಕ್ಕಿಪೇಟೆಯ ಆ ಅಂಗಡಿಯ ಅಟ್ಟದ ಮೇಲಿದೆ. ಹೆಸರು ಅರ್ಧಕ್ಕೇ ನಿಂತಿದೆ. ಆದರೆ ಮೂಲೆಯಲ್ಲಿ ಕೈಮರವನ್ನು ಮೊದಲೇ ಬರೆದಿದ್ದಾರೆ. ಅದರಲ್ಲಿ ಕೈ ಇಳಿದಿದೆ ಟೀಚರಮ್ಮ.

ಲಕ್ಷ್ಮಣಪ್ಪ


ಶಿವನಿ
28 ಮೇ 1979

ಚಿ. ಲಕ್ಷ್ಮಣಪ್ಪ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಎರಡು ದಿನ ಏನೂ ಮಾಡಲಾಗಲಿಲ್ಲ. ಹಾಲಮ್ಮ ಬಂದು ಹೊಸ್ತಿಲ ಆಚೆ ಕೂತಿದ್ದಳು. ಒಳಗೆ ಬಾ ಎಂದು ಕರೆದೆ. ಬಂದಳು.

ಮಠದಲ್ಲಿ ವಿಚಾರಿಸಿದೆ. "ದೇಹ ಇಲ್ಲ ಅಂದ್ಮೇಲೆ ನೀರಿಗೆ ಬಿಟ್ಬಿಡಿ ತಾಯಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕೆರೆಗಳನ್ನು ಮುಚ್ಚಿ ಬಸ್ ನಿಲ್ಲಿಸುವ ಕಾಲದಲ್ಲಿ ನೀರಿಗೆ ಬಿಟ್ಟದ್ದು ಎಷ್ಟು ದಿನ ನೀರಿನಲ್ಲಿದ್ದೀತು? ಅಪ್ಪ ಅಮ್ಮನ ಪಕ್ಕದ ಜಾಗದಲ್ಲೇ ಇಡುತ್ತೇನೆ. ಹೊಸ್ತಿಲು ತುಳಿಯಬಾರದು ಎಂದವರ ಪಕ್ಕದಲ್ಲೇ ಅವನು ಇರಲಿ.

ಅಪ್ಪನನ್ನು ಕೂರಿಸಿದ ದಿನ ನಿಮ್ಮಪ್ಪನಿಗೆ ದೂರ ಹೋಗು ಎಂದವರ ನಡುವೆ ನಾನೂ ನಿಂತಿದ್ದೆ. ಆಗ ಅದು ನನಗೆ ಮಾತೆಂದೇ ಅನ್ನಿಸಿರಲಿಲ್ಲ. ನಿನ್ನನ್ನು ಹತ್ತಿರ ನಿಲ್ಲಲು ಬಿಟ್ಟಿದ್ದರೆ ನೀನು ಲಿಂಗ ಕಳಿಸುತ್ತಿರಲಿಲ್ಲ, ನಿನ್ನ ಹೊಂಗೆಮರವನ್ನು ನಾನು ಸಾಯುವವರೆಗೂ ನಂಬಿಕೊಂಡಿರುತ್ತಿದ್ದೆ. ನಿಜ ತಿಳಿದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಇನ್ನೂ ಗೊತ್ತಾಗುತ್ತಿಲ್ಲ. ಆದರೆ ನಿನ್ನ ಮೇಲೆ ಸಿಟ್ಟಿಲ್ಲ.

ಗುಣಿಯನ್ನು ಈ ಸಲ ನಮ್ಮ ಚಿಕ್ಕಪ್ಪನ ಮಗ ಜಯದೇವಪ್ಪ ತೋಡುತ್ತಾನೆ. ಲಿಂಗವನ್ನು ನೀನು ಇಡಬೇಕು. ಇದನ್ನು ಹೇಳಿದಾಗ ಅವನು, "ಅವ್ನ್ ಕೈಲಿ ಇಡಿಸ್ತೀಯೇನಕ್ಕ? ಜನ ಏನಂತಾರೆ" ಅಂದ. "ಜನ ಏನಂತಾರೆ ಅಂತ್ಲೇ ಇಪ್ಪತ್ತೈದ್ ವರ್ಷ ಕಳ್ದೆ ಕಣೋ. ಹುಡ್ಕಿದ್ದು ಅವ್ನು, ನೀನಲ್ಲ" ಅಂದೆ. ಗುದ್ದಲಿ ತೆಗೆದುಕೊಂಡು ಹೋದ. ಗೊಣಗುತ್ತಲೇ ಹೋದ, ಆದರೆ ಹೋದ.

ಪಂಕಜಾಕ್ಷಮ್ಮನವರು ಬರುವಂತಿದ್ದರೆ ಅವರನ್ನೂ ಕರೆದುಕೊಂಡು ಬಾ. ಇಲ್ಲಿ ಯಾರೂ ಅವರನ್ನು ನೀವೇನಾಗಬೇಕು ಎಂದು ಕೇಳುವುದಿಲ್ಲ.

ಆ ಅರ್ಧ ಬರೆದ ಬೋರ್ಡನ್ನು ಅಂಗಡಿಯವರನ್ನು ಕೇಳಿ ತಾ. ಕೈ ಇಳಿದಿದೆ ಎಂದು ಬರೆದಿದ್ದೀಯ. ನನ್ನ ಸಮಾಧಾನಕ್ಕೆ ಒಮ್ಮೆ ಸುಳ್ಳು ಬರೆದವನು ನೀನು, ಇದೂ ಹಾಗೇ ಇರಬಹುದು. ನನ್ನ ಕಣ್ಣಾರೆ ನೋಡಬೇಕು. ಶನಿವಾರ ಬೀರೂರಿನ ಕಡೆಯಿಂದ ಬರುವ ಪ್ಯಾಸೆಂಜರಿಗೆ ಹುಣಸೆಮರದ ಹತ್ತಿರ ಕಾಯುತ್ತಿರುತ್ತೇನೆ.

ಬೋರ್ಡಿನಲ್ಲಿ ಕೈ ಇಳಿದಿರಲಿ, ನೇರವಾಗಿಯೇ ಇರಲಿ. ಆವತ್ತು ಬರೆಯಬೇಕಾಗಿದ್ದ ಒಂದು ಗೆರೆಯನ್ನು ಈಗ ನಿನಗೆ ಬರೆಯುತ್ತಿದ್ದೇನೆ. ಬಾ.

ದಾಕ್ಷಾಯಣಮ್ಮ